ಮೂರು ಮೂಲೆಯ ಅರಿಶಿಣ

ಅಧ್ಯಾಯ ಒಂಬತ್ತು

"ಎಡಕ್ಕ ಜಗ್ಗು, ಇನ್ನಷ್ಟು ಬಿಗಿ ಮಾಡು," ಎಂದರು ಹಿಂದಿನಿಂದ ಯಾರೋ.

ಸೋದರಮಾವ ಮೊಣಕೈ ಎತ್ತಿ, ಅಪ್ಪನನ್ನು ಕಳೆದುಕೊಂಡ ಅಳಿಯನಿಗೆಂದು ತಾನು ತಂದ ರುಮಾಲಿನ ಮತ್ತೊಂದು ಸುತ್ತು ಹಾಕಿದ. ಆ ದಿನ ಬೆಳಿಗ್ಗೆಯಷ್ಟೇ ಬೋಳಿಸಿದ ತಲೆ. ರುಮಾಲು ನಿಲ್ಲದೆ ಜಾರುತ್ತಿತ್ತು. ಹೊನ್ನೂರಸ್ವಾಮಿ ಕಣ್ಣು ಮುಚ್ಚಿ ಕುಳಿತಿದ್ದ. ದುಃಖದಿಂದ ಎಂದು ತಿಳಿಯಬೇಡಿ. ಎದುರಿಗೆ ಗೆಳೆಯನೊಬ್ಬ ಮೊಬೈಲು ಹಿಡಿದು ಫೋಟೊ ತೆಗೆಯುತ್ತಿದ್ದ.

ಸಿರುಗುಪ್ಪದ ಕಾಲುವೆಯಲ್ಲಿ ಹೆಣವಾಗಿ ಸಿಕ್ಕ ಕಾಡಸಿದ್ದಪ್ಪನ ಹನ್ನೊಂದನೆಯ ದಿನ ಅದು; ಅವನನ್ನು ಕೊಂದನೆಂಬ ಆರೋಪ ಹೊತ್ತ ಮನೆ ಅಳಿಯ ವಿರೂಪಾಕ್ಷಿ ಬಳ್ಳಾರಿಯ ಜೈಲಿನಲ್ಲಿದ್ದ.

ಕುರುಗೋಡಿನ ಆ ಹಳೆಯ ಮನೆಯ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ನಾನು ಎಲ್ಲವನ್ನೂ ನೋಡುತ್ತಿದ್ದೆ. ಇಪ್ಪತ್ತೆರಡು ವರ್ಷ ಖಾಕಿ ಹಾಕಿದವಳು, ಈಗ ಬಳ್ಳಾರಿಯ ಕೋರ್ಟಿನ ಎದುರು ಒಂದು ಕೋಣೆ ಮಾಡಿಕೊಂಡು ಜನರ ಮನೆಜಗಳಗಳ ಬುಡ ಕೆದಕುವವಳು. ಹೆಸರು ಸುಧಾರಾಣಿ. ಸತ್ತವರ ಮನೆಗಳನ್ನು ಬೇಕಾದಷ್ಟು ಕಂಡಿದ್ದೇನೆ. ಮಣ್ಣು ಮಾಡಿ ಬಂದವರು ಕೈಕಾಲು ತೊಳೆಯುವುದಕ್ಕೆ ಮೊದಲೇ ಪಹಣಿ ಯಾರ ಹೆಸರಿನಲ್ಲಿದೆ ಎಂದು ಪಿಸುಗುಟ್ಟುವುದನ್ನೂ ಕೇಳಿದ್ದೇನೆ. ಆದರೂ ಪ್ರತಿ ಸಲ ಹೊಸದಾಗಿ ಹೇಸಿಗೆಯಾಗುತ್ತದೆ.

ರುಮಾಲು ಕೊನೆಗೂ ನಿಂತಿತು. ಹೊನ್ನೂರಸ್ವಾಮಿ ಕಣ್ಣು ತೆರೆದು ಮೊದಲು ಫೋಟೊ ನೋಡಿದ. ಸತ್ತವನ ಒಬ್ಬನೇ ಮಗ, ಇಪ್ಪತ್ತನಾಲ್ಕು ವರ್ಷದ ಹುಡುಗ. ಗದ್ದೆಗೆ ಇಳಿದರೆ ಚಪ್ಪಲಿ ಕೆಸರಾಗುತ್ತದೆಂದು ಬದುವಿನ ಮೇಲೇ ನಿಲ್ಲುತ್ತಿದ್ದನಂತೆ. ಮೂವತ್ತೆರಡು ಎಕರೆ ನೀರಾವರಿಗೆ ಈಗ ಒಡೆಯ.

"ತಲಿಗೆ ಸುತ್ತಾಕ ವಿರೂಪಾಕ್ಷಿಗೂ ಒಂದು ಟವಲ್ ತಂದೀರೇನ್ರಿ?" ಎಂದು ನಾನು ಸೋದರಮಾವನನ್ನು ಕೇಳಿದೆ.

ಆತ ರುಮಾಲಿನಿಂದ ಕೈ ತೆಗೆದು ನನ್ನ ಕಡೆ ತಿರುಗಿದ.

"ಅವಗ ಯಾಕ್ರಿ ಟವಲ್?" ಎಂದ ಆತ. "ಅವ ಕೊಲಿಗಾರ."

"ಕೊಲಿ ಆಗೋ ಹಿಂದಿನ ದಿನದ ತನಕ ಮಗನ ಸಮಾನ ಇದ್ದನಲ್ರಿ."

ಮನೆ ಅಳಿಯನ ಕಟ್ಟಳೆ ಈ ಕಡೆಯವರಿಗೆ ಹೊಸದೇನಲ್ಲ. ತೆಲುಗು ಬಲ್ಲ ಹಿರಿಯರು ಅದನ್ನು ಇಲ್ಲಟಂ ಎನ್ನುತ್ತಾರೆ. ಗಂಡುಮಕ್ಕಳಿಲ್ಲದವನು ಮಗಳ ಗಂಡನನ್ನು ಮನೆಗೆ ತಂದು ಇಟ್ಟುಕೊಳ್ಳುತ್ತಾನೆ, ದುಡಿದರೆ ಮಗನ ಸಮ ಪಾಲು ಕೊಡುತ್ತೇನೆಂದು ಹಿರಿಯರ ಮುಂದೆ ಕಾಗದ ಬರೆದುಕೊಡುತ್ತಾನೆ. ರೂಪನಗುಡಿಯಿಂದ ವಿರೂಪಾಕ್ಷಿಯನ್ನು ತಂದದ್ದು ಹಾಗೆಯೇ, ಇಪ್ಪತ್ತಾರು ವರ್ಷದ ಹಿಂದೆ. ಅದಾಗಿ ಎರಡೇ ವರ್ಷಕ್ಕೆ, ಯಾರೂ ಎಣಿಸದಿದ್ದಾಗ, ಕಾಡಸಿದ್ದಪ್ಪನ ಹೆಂಡತಿ ಸತ್ಯಮ್ಮನ ಹೊಟ್ಟೆಯಲ್ಲಿ ಹೊನ್ನೂರಸ್ವಾಮಿ ಹುಟ್ಟಿದ. ಅಂದಿನಿಂದ ಅಳಿಯ ಮನೆಯ ಎತ್ತಾದ.

ನನ್ನ ಕೋಣೆಗೆ ಎಲ್ಲ ಬಗೆಯ ಮಂದಿ ಬರುತ್ತಾರೆ. ಕರಾವಳಿಯ ಒಬ್ಬ ಹೋಟೆಲಿನವ ತನ್ನ ಅಜ್ಜನ ಕಾಲದಲ್ಲಿ ಸೋದರಮಾವನ ಆಸ್ತಿ ಅಕ್ಕನ ಮಗನಿಗೆ ಹೋಗುತ್ತಿತ್ತೆಂದು ಹೇಳಿ ನಿಟ್ಟುಸಿರು ಬಿಟ್ಟಿದ್ದ. ಪಕ್ಕದ ಬೀದಿಯ ಸಾಬರ ಮನೆಯಲ್ಲಿ ಮಗಳಿಗೆ ಮಗನ ಅರ್ಧ, ಅದೂ ಬರಹದಲ್ಲೇ ಇದೆ, ಯಾರೂ ಅಲ್ಲಗಳೆಯುವಂತಿಲ್ಲ. ಆದರೂ ಆ ಅರ್ಧವನ್ನು ಕೊಡದೆ ಇರಲು ಅಣ್ಣಂದಿರು ನನ್ನ ಬಳಿಯೇ ಉಪಾಯ ಕೇಳುತ್ತಾರೆ. ನಮ್ಮವರಿಗೆ ಸರ್ಕಾರ ಮಗಳಿಗೂ ಸಮಪಾಲು ಎಂದಿತು. ನಮ್ಮವರು ಅರಿಶಿಣ-ಕುಂಕುಮಕ್ಕೆಂದು ಒಂದು ಸೀರೆ ಕೊಟ್ಟು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಊರಿಗೊಂದು ಕಟ್ಟಳೆ, ಜಾತಿಗೊಂದು ಕಾನೂನು. ದುರಾಸೆಗೆ ಮಾತ್ರ ಎಲ್ಲ ಕಡೆಯೂ ಒಂದೇ ಮುಖ.

"ಅಕ್ಕಾರ."

ಮೆಲ್ಲನೆ ಕರೆದವಳು ನಾಗಲಕ್ಷ್ಮಿ. ಕಾಡಸಿದ್ದಪ್ಪನ ಮಗಳು, ವಿರೂಪಾಕ್ಷಿಯ ಹೆಂಡತಿ, ನನ್ನನ್ನು ಈ ಕೆಲಸಕ್ಕೆ ಹಚ್ಚಿದವಳು. ನಲವತ್ತೈದರ ಹೆಂಗಸು. ಹನ್ನೊಂದು ದಿನದಲ್ಲಿ ಕೆನ್ನೆಯೆಲ್ಲ ಇಳಿದುಹೋಗಿತ್ತು. ಈ ಮನೆಯಲ್ಲಿ ನನಗೆ ಮರುಕ ಹುಟ್ಟಿಸಿದವಳು ಅವಳೊಬ್ಬಳೇ.

"ತಗೋರಿ, ನೀವು ಕೊಟ್ಟಿದ್ದ ಒಪ್ಪಂದದ ಕಾಗದ. ಸೂತಕದಾಗ ಬ್ಯಾಡ ಅಂತ ಇಟ್ಟಿದ್ನಿ. ಇವತ್ತು ಕಳೀತಲ್ರಿ, ಸಹಿ ಮಾಡೀನಿ."

ನಾಲ್ಕು ಮಡಿಕೆ ಮಾಡಿದ ಕಾಗದವನ್ನು ಹಾಗೇ ಕೈಚೀಲಕ್ಕೆ ಹಾಕಿಕೊಂಡೆ. ಕೊಟ್ಟ ಹೆಣ್ಣಿಗೆ ತವರಿನ ಸೂತಕ ಮೂರೇ ದಿನ. ಆದರೆ ಮನೆ ಅಳಿಯನ ಹೆಂಡತಿಯೆಂದು ಇವಳಿಂದ ಹನ್ನೊಂದು ದಿನವೂ ಹಿಡಿಸಿದ್ದರು. ಸೂತಕಕ್ಕೆ ಈ ಮನೆಯವಳು, ಪಾಲಿಗೆ ಹೊರಗಿನವಳು. ಎಂಥಾ ಜನ ಎಂದು ಮನಸ್ಸಿನಲ್ಲೇ ಉಗಿದೆ.

"ನಿನ್ನೆ ಅವರನ್ನ ನೋಡಿದ್ರೇನ್ರಿ?" ಎಂದಳು.

ನೋಡಿದ್ದೆ. ಬಳ್ಳಾರಿ ಜೈಲಿನ ಕಂಬಿಯ ಆಚೆ ವಿರೂಪಾಕ್ಷಿ ತಲೆ ತಗ್ಗಿಸಿ ನಿಂತಿದ್ದ. ಸಾವಿನ ಹಿಂದಿನ ಸಂಜೆ ಮಾವನ ಜೊತೆ ಕಾಲುವೆಯ ತೂಬಿನ ವಿಷಯಕ್ಕೆ ಜಗಳವಾದದ್ದು ನಿಜ ಎಂದ. ಆಸ್ತಿಯೆಲ್ಲ ಮಗನಿಗೇ, ಅಳಿಯನಿಗೆ ಪಾಲಿಲ್ಲ ಎಂದು ಮಾವ ಬರೆದನೆನ್ನುವ ಉಯಿಲಿನ ಸುದ್ದಿ ತನಗೆ ಗೊತ್ತೇ ಇರಲಿಲ್ಲ ಎಂದ. ಕೊನೆಗೆ ಹೇಳಿದ್ದು ಇಷ್ಟು: "ಅಕಿಗೆ ಹೇಳ್ರಿ, ನಾ ಒಳಗ ಇದ್ರೂ ನಡೀತೈತಿ. ಇನ್ನ ಕೆದಕಾಕ ಹೋಗಬ್ಯಾಡ ಅಂತ ಹೇಳ್ರಿ." ನೊಗ ಇಳಿಸಿದರೂ ನೊಗದ ಅಡಿಯಲ್ಲೇ ನಿಲ್ಲುವ ಎತ್ತು, ಅಂದುಕೊಂಡೆ.

ಆ ಮಾತನ್ನು ಹೆಂಡತಿಗೆ ದಾಟಿಸಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಸೋಮವಾರ ಜಾಮೀನು ಅರ್ಜಿ ಬರ್ತದ," ಎಂದೆ. "ಅಷ್ಟರಾಗ ಆ ಉಯಿಲು ಸುಳ್ಳು ಅಂತ ತೋರಿಸಿದ್ರ ನಿಮ್ಮ ಯಜಮಾನರು ಹೊರಗ ಬರ್ತಾರ. ಇಲ್ಲಾಂದ್ರ ವರ್ಷಗಟ್ಟಲೆ ಅಲ್ಲೇ ಕೊಳೀಬೇಕು."

"ಕಾಲುವಿ ಮಗ್ಗಲದ ಹನ್ನೊಂದು ಎಕರೆ ನೋಡ್ರಿ ಅಕ್ಕಾರ, ಇನ್ನೂರಾ ಹದಿನಾರು ಬಾರ್ ಮೂರು," ಎಂದಳು ಅವಳು, ಅಳು ನುಂಗುತ್ತ. "ಏನೂ ಬೆಳಿಯದ ಬರೀ ಕರ್ಲು ನೆಲ ಇತ್ತು. ಮಣ್ಣು ಹೊಡದು ಹೊಡದು ಗದ್ದಿ ಮಾಡಿದ್ದು ನನ್ನ ಗಂಡ. ಅದ ಹೊಲದಾಗ ಮಾವನ್ನ ಕೊಂದಾನ ಅಂತಾರ. ಹೆಂಗ ನಂಬಲಿ?"

ಹೊಲದ ನಂಬರನ್ನು ಮಗುವಿನ ಹೆಸರಿನಂತೆ ಹೇಳುವ ಹೆಣ್ಣು. ನನಗೆ ಅವಳ ಮೇಲೆ ಇನ್ನಷ್ಟು ಅಭಿಮಾನ ಹುಟ್ಟಿತು. ಕಾರಿನಲ್ಲಿ ಕುಳಿತಿರು ಎಂದು ಅವಳನ್ನು ಕಳಿಸಿ, ನಾನು ಒಳಕೋಣೆಗೆ ಹೋದೆ.

ಕೋಣೆಯಲ್ಲಿ ಕಾಡಸಿದ್ದಪ್ಪನ ಟ್ರಂಕು ಇತ್ತು. ನನ್ನ ಕಾಟ ತಡೆಯಲಾರದೆ ಬೆಳಿಗ್ಗೆಯೇ ಹೊನ್ನೂರಸ್ವಾಮಿ ಬೀಗದ ಕೈ ಎಸೆದು ಹೋಗಿದ್ದ. ಒಂದು ತಾಸು ಕುಳಿತು ಎಲ್ಲ ಕಾಗದ ಬಿಡಿಸಿ ನೋಡಿದ್ದೆ. ಖರೀದಿ ಪತ್ರ, ಬ್ಯಾಂಕಿನ ಪಾಸ್‌ಬುಕ್ಕು, ಟ್ರ್ಯಾಕ್ಟರಿನ ಕಾಗದ, ಹೊನ್ನೂರಸ್ವಾಮಿ ಎರಡು ಸಲ ಫೇಲಾದ ಮಾರ್ಕ್ಸ್ ಕಾರ್ಡು. ಮದುವೆಯ ದಿನ ಬರೆದ ಮನೆ ಅಳಿಯತನದ ಕಾಗದವೂ ಇತ್ತು.

ಎಲ್ಲಕ್ಕೂ ಅರಿಶಿಣ ಮುಟ್ಟಿಸಿದ್ದರು. ಮನೆಗೆ ಬಂದ ಕಾಗದಕ್ಕೆ ಮೂಲೆಗೊಂದು ಅರಿಶಿಣದ ಬೊಟ್ಟಿಟ್ಟು ದೇವರ ಮುಂದೆ ಇಟ್ಟು ಆಮೇಲೆ ಟ್ರಂಕಿಗೆ ಹಾಕುವವರು ಇದ್ದಾರೆ. ಇದು ಅಂಥ ಮನೆ. ಆದರೆ ಇಲ್ಲಿನ ಕಾಗದಗಳಿಗೆ ಅರಿಶಿಣ ಇದ್ದದ್ದು ಮೂರೇ ಮೂಲೆಗೆ. ಕೆಳಗಡೆ ಬಲಗಡೆಯ ಮೂಲೆ, ಕಾಡಸಿದ್ದಪ್ಪ ಸಹಿ ಹಾಕುತ್ತಿದ್ದ ಜಾಗ, ಎಲ್ಲದರಲ್ಲೂ ಖಾಲಿ. ಒಂದೂ ತಪ್ಪಿರಲಿಲ್ಲ.

ಪೊಲೀಸರ ವಶದಲ್ಲಿದ್ದ ಉಯಿಲಿನ ಬಣ್ಣದ ಫೋಟೊ ನನ್ನ ಮೊಬೈಲಿನಲ್ಲಿತ್ತು. ತೆಗೆದು ಪಕ್ಕದಲ್ಲಿ ಹಿಡಿದೆ. ಅದಕ್ಕೂ ಮೂರು ಮೂಲೆ. ಅದರದ್ದೂ ಸಹಿಯ ಮೂಲೆ ಖಾಲಿ.

ಹೊನ್ನೂರಸ್ವಾಮಿಯನ್ನೂ ಅವನ ತಾಯಿ ಸತ್ಯಮ್ಮನನ್ನೂ ಒಳಗೆ ಕರೆಸಿದೆ. ಅವನು ರುಮಾಲಿನಲ್ಲೇ ಬಂದ. ಬಾಗಿಲು ತಗ್ಗು; ತಲೆ ಬಗ್ಗಿಸಲು ಮರೆತು ರುಮಾಲು ಬಡಿಸಿಕೊಂಡ. ಸತ್ಯಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಳು. ಬೋಳು ಕೈಗಳನ್ನು ಸೆರಗಿನೊಳಗೆ ಸೇರಿಸಿದಳು. ಅರವತ್ತನಾಲ್ಕರ ಮುದುಕಿ, ಕಣ್ಣು ಮಾತ್ರ ಮಗನದಕ್ಕಿಂತ ಚುರುಕು.

"ಈ ಉಯಿಲು ನಿಮ್ಮಪ್ಪ ಯಾವಾಗ ಬರೆಸಿದ್ರಪ್ಪಾ?" ಎಂದೆ.

"ಅದರಾಗ ಐತಲ್ರಿ ಮೇಡಂ. ಯುಗಾದಿಗೆ."

"ನಿನ್ನ ಕೈಗೆ ಯಾವಾಗ ಸಿಕ್ತು?"

"ಮಣ್ಣಾಗಿ ಮೂರನೇ ದಿನ. ಟ್ರಂಕ್ ತಗದ್ನಿ, ಮ್ಯಾಲ ಇತ್ತು."

"ಮೂರನೇ ದಿನಕ್ಕ ಟ್ರಂಕ್ ತಗದಿ. ಹಾಲು ತುಪ್ಪ ಬಿಟ್ಟು ಬಂದ ಕೈ ಒಣಗಿತ್ತೋ ಇಲ್ಲೋ?"

"ಮತ್ತ ಯಾರು ತಗೀಬೇಕಿತ್ತು?" ಅವನ ದನಿ ಏರಿತು. "ಮಗಾ ನಾ ಅದೀನಿ."

"ಅದನ್ನ ಓದಿದ ಮ್ಯಾಲ ಏನು ಮಾಡಿದಿ?"

"ಪೊಲೀಸರಿಗೆ ಕೊಟ್ನಿ. ವಿರೂಪಾಕ್ಷಿ ಮಾವಗ ಪಾಲಿಲ್ಲ ಅಂತ ಅಪ್ಪ ಬರದಾನ, ಅದಕ್ಕ ಸಿಟ್ಟಿಗೆ ನೂಕ್ಯಾನ. ಅಷ್ಟೂ ತಿಳಿಯಂಗಿಲ್ಲೇನ್ರಿ?"

"ತಿಳೀತೈತಿ. ಕಾಲುವಿ ಹೊಲದ ಸರ್ವೆ ನಂಬರ್ ಎಷ್ಟು?"

ಅವನು ತಾಯಿಯ ಕಡೆ ನೋಡಿದ. ಅವಳು ಗೋಡೆಯ ಕಡೆ ನೋಡುತ್ತಿದ್ದಳು.

"ಕಾಲುವಿ ಹೊಲ ಅಂದ್ರ ಕಾಲುವಿ ಹೊಲ. ನಂಬರ್ ತಗೊಂಡು ಏನು ಮಾಡ್ಲಿ? ನಾನೇನು ಕರಣಂ ಏನ್ರಿ?"

ನಗು ಬಂತು. ಮೂವತ್ತೆರಡು ಎಕರೆ ನುಂಗಲು ಬಾಯಿ ತೆರೆದವನಿಗೆ ತಟ್ಟೆಯಲ್ಲಿ ಏನಿದೆ ಎಂಬುದೂ ಗೊತ್ತಿಲ್ಲ. ನಾಟಕ ಆಡುತ್ತಿದ್ದಾನೆ ಎಂದೇ ನಾನು ತಿಳಿದೆ.

"ನಾ ಹೇಳ್ತೀನಿ ಕೇಳು. ಉಯಿಲಿನಾಗ ಬರದೈತಿ, ಇನ್ನೂರಾ ಹದಿನಾರು ಬಾರ್ ಮೂರು ಅಂತ. ಯುಗಾದಿ ಟೈಮಿಗೆ ಅಂಥ ನಂಬರ್ ಇರಲೇ ಇಲ್ಲ. ನಿಮ್ಮಪ್ಪ, ಅವರ ದಾಯಾದಿಗಳು ಎಲ್ಲಾರ ಹೊಲಾನೂ ಕೂಡಿ ಬರೀ ಇನ್ನೂರಾ ಹದಿನಾರು ಅಂತ ಇತ್ತು. ಅದನ್ನ ಒಡದು, ಬಾರ್ ಮೂರು ಅಂತ ನಿಮ್ಮಪ್ಪನ ಹೆಸರಿಗೆ ಬೇರೆ ಮಾಡಿ ಆರ್ಡರ್ ಬಂದಿದ್ದು ಅವರು ಸಾಯೋ ಹತ್ತೊಂಬತ್ತು ದಿನ ಮೊದಲು. ನಾ ಕಚೇರಿಯಾಗ ನೋಡಿ ಬಂದೀನಿ."

ಅವನ ಬಾಯಿ ಸ್ವಲ್ಪ ತೆರೆಯಿತು.

"ಎಂಟು ತಿಂಗಳ ಹಿಂದ ಬರದ ಕಾಗದಕ್ಕ, ಮೊನ್ನೆ ಹುಟ್ಟಿದ ನಂಬರ್ ಹೆಂಗ ಗೊತ್ತಾತು?"

"ನನಗೇನು ಗೊತ್ರಿ? ಕಾಗದ ಟ್ರಂಕಿನಾಗ ಇತ್ತು!"

"ಸಹಿನೂ ನಿಮ್ಮಪ್ಪಂದು ಅಲ್ಲ ಅಂತ ನನಗ ಅನ್ನಿಸ್ತೈತಿ. ಚೆನ್ನಾಗಿ ನೋಡಿ ಕಲಿತವರು ಯಾರೋ ಹಾಕ್ಯಾರ."

"ಮೇಡಂ," ಎಂದ ಅವನು. ಮೊದಲ ಸಲ ಅವನ ದನಿಯಲ್ಲಿ ಕೊಬ್ಬು ಇರಲಿಲ್ಲ. "ಮಗಾ ಅಂದ್ರ ನಾನೊಬ್ಬನ. ಉಯಿಲು ಇರಲಿ ಬಿಡಲಿ, ಎಲ್ಲಾ ನಂದ ಅಲ್ಲೇನ್ರಿ? ನನಗ ಬರೋದಕ್ಕ ನಾ ಯಾಕ ಸುಳ್ಳು ಕಾಗದ ಮಾಡ್ಲಿ?"

"ನಿಮ್ಮಕ್ಕಗೂ ನಿನ್ನಷ್ಟ ಪಾಲು ಐತಿ. ಕಾನೂನು ಆಗಿ ಇಪ್ಪತ್ತು ವರ್ಷ ಆತು."

"ಅದು ಬೆಂಗಳೂರಾಗ ಇರಬೇಕ್ರಿ. ನಮ್ಮ ಮಂದ್ಯಾಗ ಹೆಣ್ಣುಮಕ್ಕಳು ಪಾಲು ಕೇಳಂಗಿಲ್ಲ."

ಅವನು ತಮಾಷೆ ಮಾಡುತ್ತಿರಲಿಲ್ಲ. ನಿಜವಾಗಿಯೂ ಹಾಗೆಂದೇ ನಂಬಿದ್ದ. ಆ ಮಾತನ್ನು ನಾನು ಅಲ್ಲೇ ಹಿಡಿದು ಯೋಚಿಸಬೇಕಿತ್ತು. ಎಲ್ಲವೂ ತನ್ನದೇ ಎಂದು ನಂಬಿದವನು ಕಳ್ಳಕಾಗದ ಯಾಕೆ ಬರೆಯುತ್ತಾನೆ? ಆದರೆ ತಿರಸ್ಕಾರ ತಲೆಗೇರಿದಾಗ ಕಿವಿ ಮಂದವಾಗುತ್ತದೆ. ನಾನು ಅವನನ್ನು ಬಿಟ್ಟು ತಾಯಿಯ ಕಡೆ ತಿರುಗಿದೆ. ಮಗನಿಗೆ ಇಲ್ಲದ ಬುದ್ಧಿ ಅಲ್ಲಿತ್ತು.

"ಸತ್ಯಮ್ಮಾರ, ಇದು ನಿಮ್ಮ ಮಗ ಒಬ್ಬನ ಕೆಲಸ ಅಲ್ಲ."

"ಅವನ ಕೆಲಸ ಯಾವುದೂ ಅವನೊಬ್ಬಂದ ಅಲ್ಲ ತಾಯಿ," ಎಂದಳು ಸತ್ಯಮ್ಮ. "ಸ್ನಾನಕ್ಕ ನೀರು ಕಾಸಾಕ ಒಬ್ಬರು ಬೇಕು."

"ಅವ್ವಾ!" ಎಂದ ಹೊನ್ನೂರಸ್ವಾಮಿ.

"ಸುಮ್ನ ಕುಂದ್ರು."

ನಾನು ಮೊಬೈಲನ್ನು ಅವಳ ಮುಂದೆ ಹಿಡಿದೆ. "ಅರಿಶಿಣ ನೋಡ್ರಿ. ಇದನ್ನ ಹಚ್ಚಿದಾಕಿ ಹೆಣ್ಣುಮಗಳು. ನಿಮ್ಮ ಟ್ರಂಕಿನಾಗಿನ ಎಲ್ಲಾ ಕಾಗದಕ್ಕೂ ಹಿಂಗ ಐತಿ, ಅಂದ್ರ ಈ ಮನಿಯ ಹೆಣ್ಣುಮಗಳು. ಸಾವಾದ ಮನ್ಯಾಗ ಹನ್ನೊಂದು ದಿನ ಯಾರೂ ಅರಿಶಿಣ ಮುಟ್ಟಂಗಿಲ್ಲ. ಕಾಗದ ಸಿಕ್ಕಿದ್ದು ಮೂರನೇ ದಿನ. ಹಂಗಾದ್ರ ಅರಿಶಿಣ ಹಚ್ಚಿದ್ದು ಯಾವಾಗ?"

ಅವಳು ಮೊಬೈಲನ್ನು ಹಿಂದಕ್ಕೆ ತಳ್ಳಿದಳು.

"ನಿಮ್ಮ ಯಜಮಾನರು ಬದುಕಿದ್ದಾಗ. ನಂಬರ್ ಹುಟ್ಟಿದ ಮ್ಯಾಲ, ಅವರು ಸಾಯೋದಕ್ಕಿಂತ ಮೊದಲು. ಆ ಹತ್ತೊಂಬತ್ತು ದಿನದಾಗ."

"ಆದ್ರ ಏನಾತು?"

"ಬದುಕಿರೋ ಮನುಷ್ಯನ ಉಯಿಲನ್ನ ಯಾರೂ ಕಳ್ಳತನದಾಗ ಬರಿಯಂಗಿಲ್ಲ. ಬರದ್ರ, ನಾ ಬರದಿಲ್ಲ ಅಂತ ಅವನು ಬಾಯಿ ತಗದು ಹೇಳ್ತಾನ. ಬರದವರಿಗೆ ಗೊತ್ತಿತ್ತು, ಹೇಳಾಕ ಅವನು ಇರಂಗಿಲ್ಲ ಅಂತ."

ಹೊನ್ನೂರಸ್ವಾಮಿ ಗೋಡೆ ಹಿಡಿದು ಕುಳಿತ. ರುಮಾಲು ಒಂದು ಕಿವಿಯ ಮೇಲೆ ಇಳಿದಿತ್ತು. ಅವನ ಮುಖದಲ್ಲಿ ಕಂಡದ್ದು ಭಯ. ಅದು ಕಳ್ಳನ ಭಯವೋ, ಅಪ್ಪನನ್ನು ಮೊದಲೇ ಸಂಚು ಹೂಡಿ ಕೊಂದರೆಂದು ಮೊದಲ ಸಲ ಅರ್ಥವಾದವನ ಭಯವೋ ಎಂದು ನಾನು ಕೇಳಿಕೊಳ್ಳಲಿಲ್ಲ.

"ಮುತ್ತೈದಿ ಕೈಯಿಂದ ಗಂಡನ ಸಾವಿನ ಕಾಗದಕ್ಕ ಅರಿಶಿಣ ಹಚ್ಚಿದ್ರಲ್ಲ ಸತ್ಯಮ್ಮಾರ, ಕೈ ನಡುಗಲಿಲ್ಲೇನು?" ಎಂದೆ. ಮಾತು ಹರಿತವಾಗಿ ಬಂತೆಂದು ನನಗೇ ಹೆಮ್ಮೆಯಾಯಿತು.

ಸತ್ಯಮ್ಮ ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು. ಹನ್ನೊಂದು ದಿನದ ವಿಧವೆ, ನನ್ನ ಮುಖದ ಮೇಲೇ ನಕ್ಕಳು.

"ಪೊಲೀಸ್ ಕೆಲಸ ಮಾಡಿದಾಕಿ ಅಂತಾರ ನಿನ್ನ. ಯಾವ ಊರಾಗ ಮಾಡಿದಿ ತಾಯಿ?"

"ಯಾಕ?"

"ಈ ಮನಿಗೆ ಬಂದು ನಲವತ್ತಾರು ವರ್ಷ ಆತು. ಒಂದ ಒಂದು ಕಾಗದಕ್ಕ ನನ್ನ ಬೆರಳು ತಾಗಿಲ್ಲ. ಸೊಸಿ ಹೊರಗಿಂದ ಬಂದಾಕಿ, ಕಾಗದಕ್ಕ ಅರಿಶಿಣ ಹಚ್ಚೋದು ಮನ್ಯಾಗ ಹುಟ್ಟಿದ ಹೆಣ್ಣು ಅಂತ ನಮ್ಮತ್ತಿ ಮಾಡಿಟ್ಟ ಕಟ್ಟು. ಮೊದಲು ನನ್ನ ನಾದಿನಿ ಹಚ್ತಿದ್ಲು. ಅಕಿ ಮದಿವಿ ಆಗಿ ಹೋದ ಮ್ಯಾಲ..."

ಅವಳು ನಿಲ್ಲಿಸಿದಳು.

"ಹೋದ ಮ್ಯಾಲ?"

"ಮೂಲಿ ಯಾಕ ಮೂರು ಅಂತ ಕೇಳಲಿಲ್ಲ ನೀನು. ಅದನ್ನ ಕೇಳು ಮೊದಲು."

"ಯಾಕ?"

"ಏಳು ವರ್ಷದ ಹುಡುಗಿ. ಹಸಿ ಅರಿಶಿಣದ ಬೆರಳು ತಗೊಂಡು ಹೋಗಿ ಅವರಪ್ಪನ ಸಹಿ ಮ್ಯಾಲ ಇಟ್ಲು. ಸಹಿ ಕಲಸಿ ಹೋತು. ಕಚೇರಿಯಾಗ ಆ ಕಾಗದ ನಡಿಯಂಗಿಲ್ಲ ಅಂದ್ರಂತ. ಮನಿಗೆ ಬಂದು ಬಾರಕೋಲು ತಗೊಂಡ. ನಾ ಅಡ್ಡ ಹೋದ್ನಿ, ನನಗೂ ಬಿತ್ತು." ಸತ್ಯಮ್ಮ ಸೆರಗು ಸರಿಸಿ ಮೊಣಕೈಯ ಹಳೆಯ ಕಲೆ ತೋರಿಸಿದಳು. "ಅವತ್ತಿನಿಂದ ಅಕಿ ಸಹಿ ಮೂಲಿ ಮುಟ್ಟಂಗಿಲ್ಲ. ಮುಟ್ಟು ಅಂದ್ರೂ ಮುಟ್ಟಂಗಿಲ್ಲ."

ಹೆಸರು ಹೇಳಬೇಕಾದ ಅಗತ್ಯ ಇರಲಿಲ್ಲ.

"ನೀವು ಸುಳ್ಳು ಹೇಳಾಕತ್ತೀರಿ," ಎಂದೆ. "ಮಗನ್ನ ಉಳಿಸಾಕ ಮಗಳ ಕುತ್ತಿಗಿಗೆ ತರಾಕತ್ತೀರಿ."

"ಹಂಗ ಅಂದ್ಕೋ. ನಡುವ ಎರಡು ವರ್ಷ ಅವರಪ್ಪನ ಕೂಡ ಜಗಳ ಮಾಡಿಕೊಂಡು ಗಂಡನ ಜೊತಿ ರೂಪನಗುಡಿಗೆ ಹೋಗಿದ್ಲು. ಹೊನ್ನೂರ ಸಾಲಿಗೆ ಸೇರಿದ ವರ್ಷ, ಅದರ ಮುಂದಿನ ವರ್ಷ. ಆ ಎರಡು ವರ್ಷದ ಕಾಗದ ತಗದು ನೋಡು."

ಟ್ರಂಕಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಹುಡುಕಿದೆ. ಬೆಳಿಗ್ಗೆ ಒಂದೂ ತಪ್ಪಿಲ್ಲ ಎಂದು ನಾನೇ ಹೇಳಿಕೊಂಡಿದ್ದೆ. ಒಂದಕ್ಕೊಂದು ಅಂಟಿಕೊಂಡಿದ್ದ ರಸೀದಿಗಳನ್ನು ಬಿಡಿಸುವ ತಾಳ್ಮೆ ಇರಲಿಲ್ಲ ಅಷ್ಟೇ. ಈಗ ಬಿಡಿಸಿದೆ. ಹೊನ್ನೂರಸ್ವಾಮಿ ಶಾಲೆಗೆ ಸೇರಿದ ವರ್ಷದ ಕಂದಾಯ ರಸೀದಿ, ಪೈಪಿನ ಕಾಗದ, ಗೊಬ್ಬರದ ಸೊಸೈಟಿಯ ಪುಸ್ತಕ. ಮರುವರ್ಷದ ಮೂರು ಕಾಗದ. ಯಾವುದಕ್ಕೂ ಅರಿಶಿಣ ಇರಲಿಲ್ಲ. ಅದರ ಮುಂದಿನ ವರ್ಷದಿಂದ ಮತ್ತೆ ಮೂರು ಮೂಲೆ.

"ಉಯಿಲಿನ ಅರಿಶಿಣ ನಾನು ಮೂರನೇ ದಿನಾನ ನೋಡಿದ್ನಿ," ಎಂದಳು ಸತ್ಯಮ್ಮ, ಮಗನಿಗೂ ಕೇಳಿಸದಷ್ಟು ಮೆಲ್ಲಗೆ. "ಹೊನ್ನೂರ ಮುಖದ ಮುಂದ ಹಿಡಿದಾಗ. ಪೊಲೀಸರ ಮುಂದ ಬಾಯಿ ಬಿಟ್ಟಿಲ್ಲ. ಅಕೀನೂ ನನ್ನ ಹೊಟ್ಟೀಲಿ ಹುಟ್ಯಾಳ. ನೀನು ಬಂದು ನನ್ನ ಮುತ್ತೈದಿತನದ ಮಾತು ಎತ್ತಿದಿ ನೋಡು, ಅದಕ್ಕ ಹೇಳೀನಿ."

ಅವಳು ಎದ್ದು, ಮಗನ ರುಮಾಲನ್ನು ಸರಿಮಾಡಿ, ಹೊರಗೆ ಹೋದಳು.

ಅಂಗಳ ದಾಟಿ ಕಾರಿನ ಕಡೆ ನಡೆಯುವಾಗ ಬಿಸಿಲು ಗುಡ್ಡದ ಬಂಡೆಗಳಿಂದ ಮುಖಕ್ಕೆ ರಾಚುತ್ತಿತ್ತು. ಆಗಲೂ ನಾನು ಒಂದು ಆಸೆ ಹಿಡಿದುಕೊಂಡಿದ್ದೆ. ಮುದುಕಿ ಜಾಣೆ. ಮಗಳ ಅಭ್ಯಾಸ ಅವಳಿಗೆ ಗೊತ್ತು. ಅದೇ ಅಭ್ಯಾಸದಂತೆ ತಾನೇ ಮೂರು ಬೊಟ್ಟು ಇಟ್ಟಿರಬಹುದು. ಅಥವಾ ಅಪ್ಪ ಏನೋ ಕಾಗದ ಕೊಟ್ಟನೆಂದು, ಓದದೆ ನಾಗಲಕ್ಷ್ಮಿ ಅರಿಶಿಣ ಹಚ್ಚಿರಬಹುದು. ಅವಳು ಹಚ್ಚಿದರೂ ಬರೆದವರು ಬೇರೆ ಇರಬಹುದು.

ಹೀಗೆ ಕಾರಣ ಹುಡುಕುತ್ತಿರುವಾಗಲೇ ಮೊದಲ ದಿನ ನೆನಪಿಗೆ ಬಂತು. ಬಳ್ಳಾರಿಯ ನನ್ನ ಕೋಣೆಯಲ್ಲಿ, ಕುರ್ಚಿಯ ತುದಿಯಲ್ಲಿ ಕುಳಿತು ಅವಳು ಕೇಳಿದ ಮೊದಲ ಪ್ರಶ್ನೆ ಗಂಡನನ್ನು ಬಿಡಿಸಬಹುದೇ ಎಂಬುದಲ್ಲ. ಅದು ಎರಡನೆಯದು. ಮೊದಲು ಕೇಳಿದ್ದು ಇದು: "ಅಪ್ಪನ್ನ ಕೊಂದ ಮಗಗ ಆಸ್ತಿ ಬರತೈತೇನ್ರಿ ಅಕ್ಕಾರ?"

ಬರುವುದಿಲ್ಲ ಎಂದಿದ್ದೆ. ಕೊಂದವನಿಗೆ ಕೊಲೆಯಾದವನ ಆಸ್ತಿಯಲ್ಲಿ ಪಾಲಿಲ್ಲ, ಉಯಿಲು ಇದ್ದರೂ ಇಲ್ಲ, ಅವನು ಮೊದಲೇ ಸತ್ತಂತೆ ಲೆಕ್ಕ ಎಂದು ದೊಡ್ಡ ವಕೀಲಳ ಹಾಗೆ ವಿವರಿಸಿದ್ದೆ. ಅವಳು ತಲೆ ಅಲ್ಲಾಡಿಸಿದ್ದಳು. ಕಲಿಯುವವಳ ಹಾಗೆ ಅಲ್ಲ. ಕಲಿತದ್ದು ಸರಿಯಿದೆಯೇ ಎಂದು ನೋಡಿಕೊಳ್ಳುವವಳ ಹಾಗೆ. ನಾನು ಅದನ್ನು ದುಃಖ ಅಂದುಕೊಂಡೆ.

ಹೊನ್ನೂರಸ್ವಾಮಿ ಕೊಲೆಗಾರನಾದರೆ ಮೂವತ್ತೆರಡು ಎಕರೆಗೆ ಉಳಿಯುವವರು ಮುದಿ ತಾಯಿ ಮತ್ತು ಮಗಳು. ಉಯಿಲು ಯಾರ ಹೆಸರಿಗಿದೆಯೋ ಅವನನ್ನೇ ಪೊಲೀಸರು ಹಿಡಿಯಬೇಕಿತ್ತು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಪೊಲೀಸರೂ ಈ ಸೀಮೆಯವರೇ. ಮಗ ಕೊಲ್ಲುತ್ತಾನೆಂದು ಅವರಿಗೆ ಹೊಳೆಯಲಿಲ್ಲ. ಮನೆ ಅಳಿಯ ಎಂದ ಕೂಡಲೇ ಹೊಳೆಯಿತು. ಪಾಲು ಕಳೆದುಕೊಂಡವನನ್ನೇ ಹಿಡಿದುಕೊಂಡು ಹೋದರು. ಅದಕ್ಕೇ ನಾನು ಬೇಕಾದೆ.

ಕಾರಿನ ಬಾಗಿಲು ತೆರೆದು ಒಳಗೆ ಕುಳಿತೆ. ನಾಗಲಕ್ಷ್ಮಿ ಹಿಂದಿನ ಸೀಟಿನಲ್ಲಿ ಸೆರಗು ಹೊದ್ದು ಕುಳಿತಿದ್ದಳು. ಕನ್ನಡಿಯಲ್ಲಿ ಅವಳ ಕಣ್ಣು ಕಂಡಿತು, ಅತ್ತು ಕೆಂಪಾಗಿತ್ತು. ಆ ಅಳು ಸುಳ್ಳಲ್ಲ, ಈಗಲೂ ಹೇಳುತ್ತೇನೆ. ಒಳಗೆ ಕೊಳೆಯುತ್ತಿರುವವನು ಅವಳ ಗಂಡ.

"ಏನಾತ್ರಿ ಅಕ್ಕಾರ?"

"ನಂಬರ್ ಹೇಳಿದಿ ನೋಡು," ಎಂದೆ. "ಬಾರ್ ಮೂರು. ಅದು ನಿನಗ ಹೆಂಗ ಗೊತ್ತು?"

"ಆರ್ಡರ್ ಕಾಗದ ಬಂದಾಗ ನಾನ ಇಸಗೊಂಡಿದ್ನಿ. ಅಪ್ಪಗ ಕಣ್ಣು ಕಾಣ್ತಿರಲಿಲ್ಲಲ್ರಿ. ಯಾಕ್ರಿ?"

ಅವಳ ದನಿಯಲ್ಲಿ ಒಂದು ಕೂದಲಿನಷ್ಟೂ ಅಳುಕು ಇರಲಿಲ್ಲ. ಕೈಚೀಲಕ್ಕೆ ಕೈ ಹಾಕಿದೆ. ನಾಲ್ಕು ಮಡಿಕೆಯ ಕಾಗದ ಬೆರಳಿಗೆ ತಗುಲಿತು. ಸೂತಕ ಕಳೆಯುವ ತನಕ ಅವಳು ಮುಟ್ಟದೆ ಇಟ್ಟಿದ್ದ ಕಾಗದ. ವಿರೂಪಾಕ್ಷಿ ಜೈಲಿನಲ್ಲಿ ಹೇಳಿದ ಮಾತು ಕಿವಿಯಲ್ಲಿ ಮೊಳಗಿತು: ಇನ್ನ ಕೆದಕಾಕ ಹೋಗಬ್ಯಾಡ ಅಂತ ಹೇಳ್ರಿ. ಅವನಿಗೆ ಗೊತ್ತಿತ್ತು. ನಾನು ಎತ್ತು ಎಂದು ತಳ್ಳಿಹಾಕಿದವನಿಗೆ ನನಗಿಂತ ಮೊದಲೇ ಎಲ್ಲವೂ ಗೊತ್ತಿತ್ತು.

ಇಷ್ಟು ದಿನ ಈ ಮನೆಯವರನ್ನೆಲ್ಲ ಉಗಿದಿದ್ದೆ. ಉಗಿಸಿಕೊಳ್ಳಬೇಕಾದವಳು ಇನ್ನೊಬ್ಬಳು ಉಳಿದಿದ್ದಳು, ಅವಳು ಸ್ಟೀರಿಂಗಿನ ಹಿಂದೆ ಕುಳಿತಿದ್ದಳು.

"ಸೋಮವಾರ ಅವರು ಬಂದೇ ಬರ್ತಾರಲ್ರಿ?" ಎಂದಳು ನಾಗಲಕ್ಷ್ಮಿ. "ಅವರು ಬಂದ್ರ, ಹೊನ್ನೂರನ್ನ ಯಾವಾಗ ಹಿಡೀತಾರ್ರಿ?"

ನಾನು ಕಾಗದ ಬಿಡಿಸಿದೆ. ಕೆಳಗೆ ಬಲಗಡೆ ಅವಳ ದುಂಡನೆಯ ಸಹಿ ಇತ್ತು. ಉಳಿದ ಮೂರು ಮೂಲೆಗೆ ಅರಿಶಿಣ ಇನ್ನೂ ಹಸಿಯಾಗಿತ್ತು.